ಜಪಾನಿನ ಕಾರ್ಬನ್ ಉಕ್ಕಿನ ಚಾಕು: ಕೊಳ್ಳುವುದು, ಬಳಸುವುದು, ಮಸೆಯುವುದು

ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಜಪಾನಿ ಚಾಕು ಬೇಕು ಅಂತ ಮನಸ್ಸಾಗಿದ್ದರೆ, ದುಡ್ಡು ಕೊಡುವ ಮೊದಲು ಒಂದು ವಿಷಯ ಯೋಚಿಸಿ. ತರಕಾರಿ ಹೆಚ್ಚಿ ಮುಗಿದ ಕೂಡಲೇ ಚಾಕು ತೊಳೆದು ಒರೆಸಿ ಇಡುವುದು ನಿಮ್ಮಿಂದ ಆಗುತ್ತದಾ? ಊಟ ಆದ ಮೇಲಲ್ಲ, ಒಗ್ಗರಣೆ ಹಾಕಿದ ಮೇಲೂ ಅಲ್ಲ, ಹೆಚ್ಚಿದ ಕೂಡಲೇ. ಆಗುವುದಿಲ್ಲ ಅನ್ನಿಸಿದರೆ ಸ್ಟೇನ್‌ಲೆಸ್ ಕೊಳ್ಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಜಪಾನಿನಲ್ಲೂ ಹೆಚ್ಚಿನ ಮನೆಗಳಲ್ಲಿ ಇರುವುದು ಸ್ಟೇನ್‌ಲೆಸ್ಸೇ. ಆಗುತ್ತದೆ ಅನ್ನುವವರು ಮುಂದೆ ಓದಿ.

ಹಳೇ ಈಳಿಗೆಮಣೆ ಇದ್ದ ಮನೆಯಲ್ಲಿ ಬೆಳೆದವರಿಗೆ ಈ ಚಾಕುವಿನ ಸ್ವಭಾವ ಹೊಸದಲ್ಲ. ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಗಡಸುತನದ್ದು. ಸಾಮಾನ್ಯ ಜರ್ಮನ್ ಅಡುಗೆ ಚಾಕು ರಾಕ್‌ವೆಲ್ ಅಳತೆಯಲ್ಲಿ 56ರಿಂದ 58ರಷ್ಟು ಗಡಸು. ಜಪಾನಿನ ಕಾರ್ಬನ್ ಚಾಕು 60ರಿಂದ 65. ಅಷ್ಟು ಗಡಸಾಗಿರುವುದರಿಂದಲೇ ಅದರ ಬಾಯಿಯನ್ನು ತುಂಬಾ ತೆಳ್ಳಗೆ ಮಸೆಯಬಹುದು, ಆ ಹರಿತ ಜಾಸ್ತಿ ದಿನ ಉಳಿಯುತ್ತದೆ. ಅದೇ ಕಾರಣಕ್ಕೆ ಬಾಯಿ ಬಾಗುವ ಬದಲು ಮುಕ್ಕಾಗುತ್ತದೆ. ಇನ್ನು ತುಕ್ಕು ತಡೆಯುವಷ್ಟು ಕ್ರೋಮಿಯಂ ಇದರಲ್ಲಿ ಇರುವುದಿಲ್ಲ. ಮುಂದೆ ಹೇಳುವ ನಿಯಮಗಳೆಲ್ಲ ಈ ಎರಡು ಗುಣಗಳಿಂದಲೇ ಬಂದವು. ಗಡಸು, ಆದ್ದರಿಂದ ತಿರುಚಬೇಡಿ. ತುಕ್ಕು ಹಿಡಿಯುತ್ತದೆ, ಆದ್ದರಿಂದ ಒರೆಸಿ.

ಯಾವ ಆಕಾರ?

ಮೊದಲ ಚಾಕುವಿಗೆ ನನ್ನ ಓಟು ನಕಿರಿಗೆ. ಆಯತಾಕಾರದ ಅಲಗು, ಬಾಯಿ ಬಹುಪಾಲು ನೇರ, ಉದ್ದ ಸಾಮಾನ್ಯವಾಗಿ 165 ಮಿಲಿಮೀಟರ್. ಇದು ತರಕಾರಿಗೆಂದೇ ಇರುವ ಚಾಕು. ಬೀನ್ಸ್ ಪಲ್ಯ, ಎಲೆಕೋಸು, ಕೋಸಂಬರಿಗೆ ಸೌತೆಕಾಯಿ, ರಾಶಿ ಈರುಳ್ಳಿ ಅಂತ ದಿನಾ ಹೆಚ್ಚುವ ಮನೆಗೆ ಇದಕ್ಕಿಂತ ಹೊಂದುವ ಆಕಾರ ಇನ್ನೊಂದಿಲ್ಲ. ಅಲಗು ಅಗಲ ಇರುವುದರಿಂದ ಹೆಚ್ಚಿದ್ದನ್ನು ಎತ್ತಿ ಬಾಣಲೆಗೆ ಹಾಕುವುದೂ ಸುಲಭ.

ಕೋಳಿ, ಮಾಂಸವೂ ಹೆಚ್ಚುವವರು ಸಾಂತೊಕು ನೋಡಿ. 165ರಿಂದ 180 ಮಿಲಿಮೀಟರ್ ಉದ್ದ, ತುದಿಗೆ ಮೊನೆ ಇರುತ್ತದೆ. ದೊಡ್ಡ ಹಲಗೆ, ದೊಡ್ಡ ಅಡುಗೆಮನೆ ಇದ್ದರೆ 210 ಮಿಲಿಮೀಟರಿನ ಗ್ಯೂತೊ. ಗ್ಯೂತೊ ಪಶ್ಚಿಮದ ಬಾಣಸಿಗರ ಚಾಕುವನ್ನು ನೋಡಿ ಜಪಾನಿನವರು ಮಾಡಿಕೊಂಡ ಆಕಾರ. ಮೇಜಿ ಚಕ್ರವರ್ತಿಯ ಕಾಲದಲ್ಲಿ (1868ರಿಂದ 1912) ಮಾಂಸದ ಅಡುಗೆ ಅಲ್ಲಿ ಹರಡಿದ ಮೇಲೆ ಬಂದದ್ದು.

ಯಾನಗಿಬಾ, ಉಸುಬಾ, ದೆಬಾ ಎಂಬ ಹೆಸರುಗಳನ್ನೂ ಕೇಳಿರುತ್ತೀರಿ. ಇವು ಒಂದೇ ಬದಿಯಿಂದ ಮಸೆದ ಚಾಕುಗಳು. ಹಿಂಬದಿ ಸ್ವಲ್ಪ ಒಳಕ್ಕೆ ಕೊರೆದಂತೆ ಇರುತ್ತದೆ. ಹಸಿ ಮೀನನ್ನು ಒಂದೇ ಎಳೆತಕ್ಕೆ ಸೀಳುವ ಅಡುಗೆಯವರ ಕೈಯಲ್ಲಿ ಇವು ಪವಾಡ ಮಾಡುತ್ತವೆ. ನಮ್ಮ ಕೈಯಲ್ಲಿ ಸೌತೆಕಾಯಿ ಹೆಚ್ಚಿದರೆ ಚಾಕು ಒಂದು ಬದಿಗೆ ಜಾರಿಕೊಂಡು ಹೋಗುತ್ತದೆ. ಮಸೆಯುವ ಕ್ರಮವೂ ಬೇರೆ. ಎಡಗೈಯವರಿಗೆ ಬೇರೆಯೇ ಚಾಕು ಮಾಡಿಸಬೇಕು, ಬೆಲೆಯೂ ಜಾಸ್ತಿ. ಮೊದಲ ಚಾಕುವಿಗೆ ಇವು ಬೇಡ. ಒಂದು ವಿನಾಯಿತಿ ಕೊಡಬಹುದು. ಕರಾವಳಿಯ ಕಡೆಯವರು, ಮನೆಯಲ್ಲೇ ಬಂಗುಡೆ ತೊಳೆದು ಕೊಯ್ಯುವವರು, ಚಿಕ್ಕ ದೆಬಾ ಒಂದನ್ನು ಇಟ್ಟುಕೊಂಡರೆ ದಿನಾ ಉಪಯೋಗಕ್ಕೆ ಬರುತ್ತದೆ. ಅದರ ಬೆನ್ನು ದಪ್ಪ, ಮೀನಿನ ತಲೆ ತೆಗೆಯುವುದಕ್ಕೇ ಮಾಡಿದ್ದು. ಆದರೆ ಮಟನ್ ಮೂಳೆಗೆ ಅದೂ ಅಲ್ಲ.

ಯಾವ ಉಕ್ಕು?

ಅಂಗಡಿಯವರು ಬಿಳಿ ಕಾಗದ, ನೀಲಿ ಕಾಗದ ಅನ್ನುತ್ತಾರೆ. ಶಿರೊಗಾಮಿ, ಆಒಗಾಮಿ. ಉಕ್ಕಿಗೆ ಬಣ್ಣ ಇರುವುದಿಲ್ಲ. ಶಿಮಾನೆ ಪ್ರಾಂತ್ಯದ ಯಾಸುಗಿ ಊರಿನ ಕಾರ್ಖಾನೆಯವರು ಉಕ್ಕಿನ ಪಟ್ಟಿಗೆ ಅಂಟಿಸುವ ಕಾಗದದ ಬಣ್ಣ ಅದು. ಆ ಕಂಪನಿ ಮೊದಲು ಹಿಟಾಚಿ ಮೆಟಲ್ಸ್ ಆಗಿತ್ತು, 2023ರಿಂದ ಪ್ರೊಟೀರಿಯಲ್ ಆಗಿದೆ. ಹಳೇ ಪೆಟ್ಟಿಗೆಗಳ ಮೇಲೆ ಹಿಟಾಚಿ ಅಂತಲೇ ಕಾಣಬಹುದು, ಗಾಬರಿ ಬೇಡ.

ಬಿಳಿ ಅಂದರೆ ಕಬ್ಬಿಣ, ಕಾರ್ಬನ್ ಬಿಟ್ಟು ಬೇರೆ ಏನೂ ಹೆಚ್ಚು ಇಲ್ಲದ ಉಕ್ಕು. 2ನೇ ನಂಬರಿನ ಬಿಳಿಯಲ್ಲಿ ಕಾರ್ಬನ್ ಸುಮಾರು ಶೇ 1.05ರಿಂದ 1.15, 1ನೇ ನಂಬರಿನಲ್ಲಿ ಇನ್ನೂ ಜಾಸ್ತಿ. ಕಲ್ಲಿನ ಮೇಲೆ ಇದು ಬೇಗ ಹರಿತವಾಗುತ್ತದೆ, ತುಕ್ಕೂ ಬೇಗ ಹಿಡಿಯುತ್ತದೆ. ನೀಲಿಗೆ ಟಂಗ್‌ಸ್ಟನ್ ಮತ್ತು ಚೂರು ಕ್ರೋಮಿಯಂ ಸೇರಿಸಿರುತ್ತಾರೆ. ಹರಿತ ಜಾಸ್ತಿ ದಿನ ಬಾಳುತ್ತದೆ, ಮಸೆಯುವುದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಕ್ರೋಮಿಯಂ ಇದೆಯಲ್ಲ, ಹಾಗಾದರೆ ತುಕ್ಕು ಬರಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ನೀಲಿಯಲ್ಲಿ ಇರುವುದು ಶೇ 0.5ರೊಳಗೆ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಶೇ 10.5ಕ್ಕಿಂತ ಮೇಲೆ ಬೇಕು. ಆದ್ದರಿಂದ ನೀಲಿಯನ್ನೂ ಒರೆಸಲೇಬೇಕು.

ಇದಕ್ಕಿಂತ ಮುಖ್ಯವಾದದ್ದು ಮೈ ಯಾವುದರದು ಅನ್ನುವುದು. ಹೆಚ್ಚಿನ ಚಾಕುಗಳಲ್ಲಿ ಗಡಸು ಉಕ್ಕು ನಡುವೆ ಮಾತ್ರ ಇರುತ್ತದೆ, ಎರಡೂ ಕಡೆ ಮೆದು ಲೋಹದ ಪದರ. ಆ ಪದರ ಮೆದು ಕಬ್ಬಿಣವಾಗಿದ್ದರೆ ಇಡೀ ಚಾಕು ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಆಗಿದ್ದರೆ ಬಾಯಿಯ ಹತ್ತಿರದ ಒಂದು ಸಣ್ಣ ಗೆರೆಯಷ್ಟನ್ನು ನೋಡಿಕೊಂಡರೆ ಸಾಕು. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ: ನೀಲಿ 2ನೇ ನಂಬರಿನ ಬಾಯಿ, ಸ್ಟೇನ್‌ಲೆಸ್ ಮೈ. ಶುದ್ಧ ಕಾರ್ಬನ್ನೇ ಬೇಕು ಅನ್ನುವ ಶೋಕಿಯವರು ಮೂಗು ಮುರಿಯುತ್ತಾರೆ, ಮುರಿಯಲಿ ಬಿಡಿ. ಪೂರ್ತಿ ಒಂದೇ ಉಕ್ಕಿನಲ್ಲಿ ಮಾಡುವ ಹೊನ್ಯಾಕಿ ಚಾಕುಗಳೂ ಇವೆ. ಅವು ತುಂಬಾ ದುಬಾರಿ, ಕೆಳಗೆ ಬಿದ್ದರೆ ಸೀದಾ ಮುರಿಯಬಹುದು.

ಅಂಗಡಿಯಲ್ಲಿ ಏನು ನೋಡಬೇಕು?

ಒಸಾಕಾ ಪಕ್ಕದ ಸಾಕಾಯ್ ಊರಿನಲ್ಲಿ ಬಡಿಯುವವರು ಬೇರೆ, ಮಸೆಯುವವರು ಬೇರೆ, ಹಿಡಿ ಕೂರಿಸುವವರು ಬೇರೆ. ಚಾಕುವಿನ ಮೇಲೆ ಕೆತ್ತಿದ ಹೆಸರು ಎಷ್ಟೋ ಸಲ ಇವರ್ಯಾರದ್ದೂ ಅಲ್ಲ, ಮಾರುವ ಸಗಟು ವ್ಯಾಪಾರಿಯದ್ದು. ಫುಕುಯಿ ಪ್ರಾಂತ್ಯದ ಎಚಿಜೆನ್‌ನಲ್ಲಿ, ನೀಗಾತಾದ ಸಾಂಜೊದಲ್ಲಿ, ಶಿಕೊಕು ದ್ವೀಪದ ತೊಸಾದಲ್ಲಿ ಒಬ್ಬ ಕಮ್ಮಾರನೇ ಮೊದಲಿನಿಂದ ಕೊನೆಯವರೆಗೂ ಮಾಡುವುದು ಹೆಚ್ಚು. ಎಚಿಜೆನ್‌ನವರು ತಮ್ಮ ಕಸುಬಿನ ಮೂಲವನ್ನು 1337ರಲ್ಲಿ ಕ್ಯೋಟೊದಿಂದ ಬಂದ ಕುನಿಯಾಸು ಎಂಬ ಕತ್ತಿ ಕಮ್ಮಾರನಿಗೆ ಕಟ್ಟುತ್ತಾರೆ. ತೊಸಾದವರು ಕಾಡಿನ, ಹೊಲದ ಕೆಲಸಕ್ಕೆ ಬೇಕಾದ ಕತ್ತಿ ಕೊಡಲಿ ಮಾಡುತ್ತಾ ಬಂದವರು. ಅವರ ಅಡುಗೆ ಚಾಕುಗಳಲ್ಲೂ ಆ ಒರಟುತನ ಇದೆ, ಬೆಲೆ ಸ್ವಲ್ಪ ಕಡಿಮೆ. ಕುಲುಮೆಯ ಕಪ್ಪನ್ನು ಹಾಗೇ ಉಳಿಸಿದ ಕುರೊಉಚಿ ಚಾಕು ಬೇಕಿದ್ದರೆ ಅಲ್ಲಿ ಹುಡುಕಿ. ನೋಡೋಕೆ ಒರಟು, ಕೆಲಸಕ್ಕೆ ಚೆನ್ನ.

'ಕೈಯಲ್ಲಿ ಬಡಿದದ್ದು' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇವತ್ತಿನ ಕಮ್ಮಾರರಲ್ಲಿ ಬಹುತೇಕರು ಯಂತ್ರದ ಸುತ್ತಿಗೆ ಬಳಸುತ್ತಾರೆ. ಕೆಂಪಗೆ ಕಾದ ಕಬ್ಬಿಣವನ್ನು ಅದರ ಕೆಳಗೆ ಹಿಡಿದು ತಿರುಗಿಸುವುದು ಕೈ, ಅಳತೆ ಕಣ್ಣಿನದು. ಕೆಲವರು ಕಬ್ಬಿಣ, ಉಕ್ಕು ಎರಡನ್ನೂ ಕುಲುಮೆಯಲ್ಲೇ ಬೆಸೆಯುತ್ತಾರೆ, ಇನ್ನು ಕೆಲವರು ಮೊದಲೇ ಬೆಸೆದು ಬರುವ ಪಟ್ಟಿ ತಂದು ಬಡಿಯುತ್ತಾರೆ. ಎರಡರಲ್ಲೂ ಒಳ್ಳೇ ಚಾಕುಗಳಿವೆ. ಚಾಕುವಿನ ಹಣೆಬರಹ ತೀರ್ಮಾನವಾಗುವುದು ಅದರ ನಂತರದ ಹೆಜ್ಜೆಯಲ್ಲಿ. ಅಲಗಿಗೆ ಮಣ್ಣಿನ ತೆಳು ಲೇಪ ಕೊಟ್ಟು, 800 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ನೀರಿಗೆ ಅದ್ದುತ್ತಾರೆ. ಆಮೇಲೆ 200 ಡಿಗ್ರಿಯೊಳಗೆ ಮತ್ತೆ ಮೆಲ್ಲಗೆ ಬಿಸಿ ಮಾಡಿ ಪೆಡಸು ಕಡಿಮೆ ಮಾಡುತ್ತಾರೆ. ಈ ಕೊನೆಯ ಅಂಕಿ ನೆನಪಿಡಿ, ಮಸೆಯುವಾಗ ಬೇಕಾಗುತ್ತದೆ.

ಮೋಸ ಹೋಗಬೇಡಿ. ಮೊಬೈಲ್ ಜಾಹೀರಾತುಗಳಲ್ಲಿ 'ಜಪಾನಿ ಸಮುರಾಯ್ ಕೈಕೆಲಸ' ಅಂತ ಅಲೆಅಲೆ ಗೆರೆಗಳ ಚಾಕು ಅರ್ಧ ಬೆಲೆಗೆ ತೋರಿಸುತ್ತಾರಲ್ಲ, ಅವುಗಳಲ್ಲಿ ಎಷ್ಟೋ ಕಡೆ ಆ ಗೆರೆ ಸುಮ್ನೆ ಲೇಸರಿನಲ್ಲಿ ಬಿಡಿಸಿದ್ದು. ಪರೀಕ್ಷೆ ಸುಲಭ. ಉಕ್ಕಿನ ಹೆಸರು ಹೇಳಿದ್ದಾರಾ? ಮಾಡಿದ ಊರು ಹೇಳಿದ್ದಾರಾ? ಮೈ ಯಾವ ಲೋಹದ್ದು ಅಂತ ಕೇಳಿದರೆ ಉತ್ತರ ಬರುತ್ತದಾ? ಇಲ್ಲ ಅಂದರೆ ಮುಂದೆ ಹೋಗಿ.

ಕೈಗೆ ಸಿಕ್ಕ ಚಾಕುವನ್ನು ಹೀಗೆ ನೋಡಿ. ಬೆನ್ನಿನ ಮೇಲಿನಿಂದ ಕಣ್ಣು ಹಾಯಿಸಿದರೆ ಗೆರೆ ನೇರ ಇರಬೇಕು. ಬಾಯಿಯನ್ನು ಚಪ್ಪಟೆ ಹಲಗೆಯ ಮೇಲಿಟ್ಟು ಬೆಳಕಿಗೆ ಹಿಡಿದಾಗ ನಡುವೆ ಹಳ್ಳ ಕಾಣಬಾರದು. ಹಿಡಿ ಹೆಚ್ಚಾಗಿ ಹೊನೊಕಿ ಎಂಬ ಹಗುರ ಮರದ್ದು, ಕತ್ತಿನಲ್ಲಿ ಎಮ್ಮೆ ಕೊಂಬಿನ ಪಟ್ಟಿ ಇರಬಹುದು. ಕೊಂಬು ಬೇಡ ಅನ್ನುವವರಿಗೆ ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯದ್ದೂ ಸಿಗುತ್ತದೆ, ಕೇಳಿ. ಟೋಕಿಯೋಗೆ ಹೋದವರಿಗೆ ಕಪ್ಪಾಬಾಶಿ ಬೀದಿಯಲ್ಲಿ ಸಾಲು ಸಾಲು ಚಾಕು ಅಂಗಡಿಗಳಿವೆ. ಕೊಂಡ ಮೇಲೆ ಕಟ್ಟು ಬಿಚ್ಚದೆ ಕೋಣೆಗೆ ತನ್ನಿ. 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಸರಿಯಾದ ಕಾರಣವಿಲ್ಲದೆ ಹೊತ್ತು ತಿರುಗುವುದು ಜಪಾನಿನಲ್ಲಿ ಅಪರಾಧ. ವಿಮಾನದಲ್ಲಿ ಚೆಕ್ ಇನ್ ಲಗೇಜಿನಲ್ಲಿ ಮಾತ್ರ.

ಬಜೆಟ್ಟಿನಲ್ಲಿ ಕಲ್ಲಿಗೂ ದುಡ್ಡು ಎತ್ತಿಡಿ. ಚಾಕುವಿಗೇ ಎಲ್ಲಾ ಸುರಿದು ಕಲ್ಲು ಕೊಳ್ಳದಿದ್ದರೆ ಕೆಲವು ತಿಂಗಳಲ್ಲಿ ಅದು ದುಬಾರಿ ಮೊಂಡು ಚಾಕು ಅಷ್ಟೇ.

ಮನೆಗೆ ತಂದ ಮೇಲೆ

ಹೊಸ ಚಾಕುವಿಗೆ ತುಕ್ಕು ಬಾರದಿರಲೆಂದು ಎಣ್ಣೆ ಅಥವಾ ತೆಳು ವಾರ್ನಿಶ್ ಹಚ್ಚಿರುತ್ತಾರೆ. ಬಿಸಿನೀರು, ಪಾತ್ರೆ ಸೋಪು ಹಾಕಿ ತೊಳೆಯಿರಿ. ವಾರ್ನಿಶ್ ಹೋಗದಿದ್ದರೆ ಉಗುರುಬಣ್ಣ ತೆಗೆಯುವ ಅಸಿಟೋನ್ ಬಟ್ಟೆಗೆ ಹಾಕಿ ಒರೆಸಿ, ಮತ್ತೆ ತೊಳೆಯಿರಿ.

ಹಲಗೆ ಮರದ್ದಿರಲಿ, ಇಲ್ಲವೇ ಮೆದು ಪ್ಲಾಸ್ಟಿಕ್. ಗ್ರಾನೈಟ್ ಕಟ್ಟೆ, ಗಾಜಿನ ಹಲಗೆ, ಸ್ಟೀಲ್ ತಟ್ಟೆಯ ಮೇಲೆ ಹೆಚ್ಚಿದರೆ ಒಂದೇ ದಿನಕ್ಕೆ ಹರಿತ ಮುಗಿಯಿತು.

ಮೊದಲ ದಿನಗಳಲ್ಲಿ ಈರುಳ್ಳಿ ಹೆಚ್ಚಿದರೆ ಕಂದು ಬಣ್ಣ ಬಿಡುತ್ತದೆ, ಒಂದು ಥರಾ ವಾಸನೆಯೂ ಬರುತ್ತದೆ. ಕಬ್ಬಿಣಕ್ಕೂ ಈರುಳ್ಳಿಯ ಗಂಧಕಕ್ಕೂ ನಡೆಯುವ ಕೆಲಸ ಅದು. ಅಲಗು ಕಪ್ಪಾಗುತ್ತಾ ಹೋದ ಹಾಗೆ ಕಡಿಮೆಯಾಗುತ್ತದೆ. ಸ್ಟೇನ್‌ಲೆಸ್ ಮೈಯದ್ದಾದರೆ ಈ ಕಾಟ ಅಷ್ಟಾಗಿ ಇಲ್ಲ.

ಹೆಚ್ಚುವಾಗ

ನಕಿರಿಯನ್ನು ತೂಗುಯ್ಯಾಲೆಯ ಹಾಗೆ ಹಿಂದೆ ಮುಂದೆ ಉರುಳಿಸಬೇಡಿ. ನೇರ ಕೆಳಗೆ, ಸ್ವಲ್ಪ ಮುಂದಕ್ಕೆ ತಳ್ಳುತ್ತಾ ಹೆಚ್ಚಿ. ಭಾರ ಹಾಕುವ ಅಗತ್ಯವೇ ಇಲ್ಲ. ಭಾರ ಹಾಕಬೇಕು ಅನ್ನಿಸಿತು ಅಂದರೆ ಮಸೆಯುವ ಕಾಲ ಬಂತು ಅಂತ.

ಈ ಚಾಕುವಿಗೆ ಕೊಡಬಾರದ ಕೆಲಸಗಳಿವು: ತೆಂಗಿನಕಾಯಿ, ಬೆಲ್ಲ, ಮೂಳೆ, ಫ್ರೀಜರಿನಿಂದ ತೆಗೆದ ಗಟ್ಟಿ ಪದಾರ್ಥ, ಮಾವಿನ ಓಟೆ, ಬಲಿತ ಕುಂಬಳಕಾಯಿಯ ಸಿಪ್ಪೆ. ಕುಂಬಳದಲ್ಲಿ ಚಾಕು ಸಿಕ್ಕಿಹಾಕಿಕೊಂಡಾಗ ನಾವೆಲ್ಲ ಮಾಡುವುದು ಏನು? ಹಿಡಿ ತಿರುಚುತ್ತೇವೆ. ಅಲ್ಲೇ ಮುಕ್ಕಾಗುವುದು. ಬೆಳ್ಳುಳ್ಳಿಯನ್ನು ಅಲಗಿನ ಮೈಯಿಂದ ಗುದ್ದಿ ಜಜ್ಜುವುದೂ ಬೇಡ. ಹೆಚ್ಚಿದ್ದನ್ನು ಹಲಗೆಯಿಂದ ಸರಿಸುವಾಗ ಚಾಕು ತಿರುಗಿಸಿ ಬೆನ್ನಿನಿಂದ ಸರಿಸಿ.

ಬಾಳೆಕಾಯಿ, ಬಾಳೆದಿಂಡು, ಎಳೆ ಹಲಸು ಹೆಚ್ಚಬಹುದು, ತೊಂದರೆ ಇಲ್ಲ. ಅವುಗಳ ಒಗರಿಗೆ ಅಲಗು ಕಪ್ಪು ನೀಲಿಯಾಗುತ್ತದೆ. ಹಲಸಿನ ಮೇಣಕ್ಕೆ ಕೈಗೆ ಹಚ್ಚುವ ಎಣ್ಣೆಯನ್ನೇ ಅಲಗಿಗೂ ಹಚ್ಚಿ. ನಿಂಬೆ, ಟೊಮೆಟೊ, ಮಾವಿನಕಾಯಿ ಹೆಚ್ಚುವಾಗ ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ನಡುನಡುವೆ ಒರೆಸಿ.

ಮುಗಿದ ಮೇಲೆ ಸೋಪು ಹಾಕಿ ಮೆತ್ತನೆ ಸ್ಪಂಜಿನಲ್ಲಿ ತೊಳೆಯಿರಿ. ಸಿಂಕಿನಲ್ಲಿ ಬಿಡಬೇಡಿ, ಡಿಶ್‌ವಾಶರ್ ಹತ್ತಿರವೂ ಒಯ್ಯಬೇಡಿ. ಕೊನೆಗೆ ಅಲಗಿನ ಮೇಲೆ ಮಾತ್ರ ಬಿಸಿಬಿಸಿ ನೀರು ಹುಯ್ದು ಒಣ ಬಟ್ಟೆಯಲ್ಲಿ ಒರೆಸಿದರೆ ಉಳಿದ ತೇವ ತಾನೇ ಆರುತ್ತದೆ. ಹಿಡಿ ಅಲಗಿಗೆ ಸೇರುವ ಜಾಗ ಮರೆಯಬೇಡಿ, ತುಕ್ಕು ಮೊದಲು ಕೂರುವುದು ಅಲ್ಲೇ.

ಕಪ್ಪು ಬಂದರೆ ಬಿಡಿ, ಕೆಂಪು ಬಂದರೆ ತೆಗೆಯಿರಿ

ಬೂದು, ನೀಲಿ, ಕಪ್ಪು ಕಲೆ ಬಂದರೆ ಖುಷಿ ಪಡಿ. ಅದು ಗಟ್ಟಿಯಾಗಿ ಅಂಟಿಕೊಳ್ಳುವ ಪದರ, ಮುಂದಿನ ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಹೊಳಪು ಹೋಯಿತು ಅಂತ ಅದನ್ನು ಉಜ್ಜಿ ತೆಗೆದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಕೆಂಪು, ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು. ಅವತ್ತೇ ತೆಗೆಯಿರಿ, ಇಲ್ಲದಿದ್ದರೆ ಒಳಗೆ ಗುಳಿ ಕೊರೆಯುತ್ತದೆ. ಅಡುಗೆ ಸೋಡಾವನ್ನು ಚೂರು ನೀರಲ್ಲಿ ಕಲಸಿ ಬಾಟಲಿ ಬಿರಡೆಯಿಂದ ಉಜ್ಜಿದರೆ ಸಣ್ಣ ತುಕ್ಕು ಹೋಗುತ್ತದೆ. ಪಾತ್ರೆ ಉಜ್ಜುವ ಪುಡಿಯನ್ನು ಮೂಲಂಗಿ ತುಂಡಿಗೆ ಅದ್ದಿ ಉಜ್ಜುವುದು ಜಪಾನಿನ ಅಡುಗೆಯವರ ಹಳೇ ರೂಢಿ. ಯಾವುದರಲ್ಲಿ ಉಜ್ಜಿದರೂ ಬೆನ್ನಿನಿಂದ ಬಾಯಿ ಕಡೆಗೆ ಕೈ ಓಡಲಿ, ಬಾಯಿಗೆ ಎದುರಾಗಿ ಬೇಡ.

ಮಸೆಯುವುದು

ಬೀದಿಯಲ್ಲಿ ಚಕ್ರ ತಿರುಗಿಸುತ್ತಾ ಸಾಣೆ ಹಿಡಿಯುವವರ ಕೈಗೆ ಈ ಚಾಕು ಕೊಡಬೇಡಿ. ಅವರ ಕೆಲಸದ ಮೇಲೆ ಅನುಮಾನ ಅಲ್ಲ. ಒಣ ಚಕ್ರ ಜೋರಾಗಿ ತಿರುಗುವಾಗ ತೆಳು ಬಾಯಿ ಕ್ಷಣದಲ್ಲಿ 200 ಡಿಗ್ರಿ ದಾಟುತ್ತದೆ, ಕಮ್ಮಾರ ಕೊಟ್ಟ ಗಡಸು ಅಲ್ಲಿಗೆ ಇಳಿದುಹೋಗುತ್ತದೆ. ಕಿಡಿ ಹಾರುವ ಕಡೆ ಈ ಚಾಕುವಿಗೆ ಕೆಲಸವಿಲ್ಲ. ಎಳೆದು ಹರಿತ ಮಾಡುವ ವಿ ಆಕಾರದ ಸಾಧನವೂ ಬೇಡ, ಅದು ಬಾಯನ್ನು ಕಿತ್ತು ಹಾಕುತ್ತದೆ. ಬಾಯಿ ಸವರಿ ನೇರ ಮಾಡುವ ಉಕ್ಕಿನ ಕಂಬಿಯೂ ಬೇಡ.

ಬೇಕಾಗಿರುವುದು ನೀರಿನ ಸಾಣೆಕಲ್ಲು. ನಂಬರು ಜಾಸ್ತಿಯಾದಷ್ಟೂ ಕಲ್ಲು ನುಣುಪು. 1000 ನಂಬರಿನ ಒಂದು ಕಲ್ಲು ಇದ್ದರೆ ಮನೆಯ ಕೆಲಸ ನಡೆಯುತ್ತದೆ. ಆಸೆ ಇದ್ದರೆ ಮುಂದೆ 3000ದಿಂದ 6000ದ ಒಳಗಿನದು ಇನ್ನೊಂದು. ಕಿಂಗ್ ಕಂಪನಿಯ 1000ದಂಥ ಕಲ್ಲನ್ನು ಗುಳ್ಳೆ ನಿಲ್ಲುವವರೆಗೆ ನೀರಲ್ಲಿ ನೆನೆಸಬೇಕು. ಶಾಪ್ಟನ್ ಕಂಪನಿಯ ಕುರೊಮಾಕು ಥರದ್ದಕ್ಕೆ ಮೇಲೆ ನೀರು ಚಿಮುಕಿಸಿದರೆ ಆಯಿತು.

1. ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ. ಕಲ್ಲು ಅಲುಗಾಡಬಾರದು.

2. ಬಾಯಿಯ ಉದ್ದಕ್ಕೂ ಸ್ಕೆಚ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಎರಡು ಸಲ ಮಸೆದು ನೋಡಿ. ಶಾಯಿ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಬೆನ್ನು ತುಂಬಾ ಕೆಳಗಿದೆ, ತುದಿಯಲ್ಲಿ ಮಾತ್ರ ಹೋಗಿದ್ದರೆ ತುಂಬಾ ಮೇಲಿದೆ. ಪೂರ್ತಿ ಹೋದರೆ ಕೋನ ಸರಿ.

3. ಕೋನ ಒಂದೊಂದು ಬದಿಗೆ 12ರಿಂದ 15 ಡಿಗ್ರಿ. ಅಲಗು 45 ಮಿಲಿಮೀಟರ್ ಅಗಲ ಇದ್ದರೆ, 15 ಡಿಗ್ರಿಗೆ ಬೆನ್ನು ಕಲ್ಲಿನಿಂದ ಸುಮಾರು 12 ಮಿಲಿಮೀಟರ್ ಮೇಲಿರಬೇಕು. ಕಿರುಬೆರಳಿನ ತುದಿ ಬೆನ್ನಿನ ಕೆಳಗೆ ತೂರುವಷ್ಟು ಅಂತ ಅಂದಾಜು ಇಟ್ಟುಕೊಳ್ಳಿ.

4. ಎಡಗೈಯ ಎರಡು ಬೆರಳು ಅಲಗಿನ ಮೇಲೆ, ಬಾಯಿಗೆ ಹತ್ತಿರ. ಬೆರಳು ಇರುವ ಜಾಗವೇ ಮಸೆಯುವ ಜಾಗ. ಹಿಂದೆ ಮುಂದೆ ಮಾಡುತ್ತಾ ಬೆರಳನ್ನು ಮೊನೆಯಿಂದ ಹಿಡಿಯ ಕಡೆಗೆ ಸರಿಸುತ್ತಾ ಬನ್ನಿ. ಬೂದು ಬಣ್ಣದ ಕೆಸರು ಬರುತ್ತದೆ, ತೊಳೆಯಬೇಡಿ. ಮಸೆಯುವ ಕೆಲಸಕ್ಕೆ ಅದೂ ಬೇಕು.

5. ಆಚೆ ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿ ಕಡೆಗೆ, ಆಮೇಲೆ ಹೊರಕ್ಕೆ ಮೆಲ್ಲಗೆ ಸವರಿ. ಸಣ್ಣಗೆ ತಡೆಯುವ ಒರಟು ಅಂಚು ಸಿಗುತ್ತದೆ. ಬರ್ ಅಂತಾರೆ ಇದನ್ನು. ಬಾಯಿಯ ಪೂರ್ತಿ ಉದ್ದಕ್ಕೂ ಅದು ಸಿಗುವವರೆಗೆ ಬದಿ ಬದಲಿಸಬೇಡಿ. ಹೊಸಬರು ಸೋಲುವುದು ಇಲ್ಲೇ. ಎಷ್ಟು ಸಲ ಉಜ್ಜಬೇಕು ಅಂತ ಎಣಿಸುತ್ತಾರೆ, ಬರ್ ಬಂತಾ ಅಂತ ನೋಡುವುದಿಲ್ಲ.

6. ತಿರುಗಿಸಿ ಇನ್ನೊಂದು ಬದಿ, ಅಲ್ಲೂ ಬರ್ ಬರುವವರೆಗೆ.

7. ಕೊನೆಗೆ ಭಾರ ಕಡಿಮೆ ಮಾಡುತ್ತಾ ಬದಿಗೊಂದರಂತೆ ಹಗುರ ಎಳೆತ. ಮಡಚಿದ ದಿನಪತ್ರಿಕೆಯ ಮೇಲೆ ಬೆನ್ನು ಮುಂದಾಗಿ ಎಳೆದರೆ ಉಳಿದ ಬರ್ ಬಿಡುತ್ತದೆ.

ಹರಿತ ನೋಡುವುದಕ್ಕೆ ಹೆಬ್ಬೆರಳು ಬೇಡ. ಚೆನ್ನಾಗಿ ಹಣ್ಣಾದ ಟೊಮೆಟೊ ಮೇಲೆ ಚಾಕು ಇಟ್ಟು ಒತ್ತದೆ ಎಳೆಯಿರಿ. ಸಿಪ್ಪೆ ಜಾರದೆ ಸೀಳಿದರೆ ಕೆಲಸ ಆಯಿತು.

ಕಲ್ಲು ಬಳಸಿದ ಹಾಗೆ ನಡುವೆ ತಗ್ಗಾಗುತ್ತದೆ, ತಗ್ಗಾದ ಕಲ್ಲಿನಲ್ಲಿ ಕೋನ ನಿಲ್ಲುವುದಿಲ್ಲ. ಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಚೌಕುಳಿ ಎಳೆದು, ಗಾಜಿನ ಹಲಗೆಯ ಮೇಲೆ 120 ಅಥವಾ 220 ನಂಬರಿನ ವಾಟರ್ ಪೇಪರ್ ಹಾಸಿ ಉಜ್ಜಿ. ಗೆರೆಗಳೆಲ್ಲ ಹೋದವು ಅಂದರೆ ಕಲ್ಲು ಸಮ. ಸಣ್ಣ ಮುಕ್ಕಾಗಿದ್ದರೆ ಮೊದಲು 220ರಿಂದ 400ರ ಒರಟು ಕಲ್ಲು, ಆಮೇಲೆ 1000. ದೊಡ್ಡ ಚಕ್ಕೆಯೇ ಹಾರಿದ್ದರೆ ನೀರಿನ ಕಲ್ಲಿನಲ್ಲಿ ಮಸೆಯುವವರನ್ನೇ ಹುಡುಕಿ ಕೊಡಿ.

ಎತ್ತಿಡುವುದು

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ, ಒಣಗಿದ ಚಾಕುವೂ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯಬಹುದು. ಒರೆಸಿದ ಮೇಲೆ ಎಣ್ಣೆಯ ಒಂದು ಹನಿ ಸವರಿ. ಜಪಾನಿನವರು ತ್ಸುಬಾಕಿ ಬೀಜದ ಎಣ್ಣೆ ಬಳಸುತ್ತಾರೆ. ದಿನಾ ಬಳಸುವ ಚಾಕುವಿಗೆ ಕೊಬ್ಬರಿ ಎಣ್ಣೆ ಸಾಕು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಕೊಬ್ಬರಿ ಎಣ್ಣೆ ಕಮಟುತ್ತದೆ, ಆಗ ಆಹಾರಕ್ಕೆ ಬಳಸಬಹುದಾದ ಮಿನರಲ್ ಎಣ್ಣೆ ಹಚ್ಚಿ ದಿನಪತ್ರಿಕೆಯಲ್ಲಿ ಸುತ್ತಿ. ಮರದ ಒರೆ ಇದ್ದರೆ ಒದ್ದೆ ಚಾಕು ಅದರೊಳಗೆ ಹೋಗಬಾರದು. ಚಮಚಗಳ ಜೊತೆ ಡ್ರಾಯರಿನಲ್ಲಂತೂ ಬೇಡವೇ ಬೇಡ. ಗೋಡೆಗೆ ಆಯಸ್ಕಾಂತದ ಪಟ್ಟಿ ಹಾಕಿಸುವುದಾದರೆ ಮರ ಹೊದಿಸಿದ್ದನ್ನು ಹಾಕಿಸಿ, ಚಾಕುವಿನ ಬೆನ್ನು ಮೊದಲು ತಾಗಿಸಿ.

ಇನ್ನು, ಮನೆಯಲ್ಲಿ ನೀವೊಬ್ಬರೇ ಅಡುಗೆ ಮಾಡುವುದಿಲ್ಲ ಅಲ್ವಾ? ಅತ್ತೆಯೋ ಅಮ್ಮನೋ ಕೆಲಸಕ್ಕೆ ಬರುವ ಅಕ್ಕನೋ ಕೈಗೆ ಸಿಕ್ಕಿದ ಚಾಕುವಿನಲ್ಲಿ ತೆಂಗಿನಕಾಯಿ ಹೋಳು ಬಿಡಿಸುತ್ತಾರೆ. ಅವರಿಗೆ ಭಾಷಣ ಮಾಡಬೇಡಿ. ಹಳೇ ಸ್ಟೇನ್‌ಲೆಸ್ ಚಾಕುವನ್ನು ಕಟ್ಟೆಯ ಮೇಲೆ ಕೈಗೆಟುಕುವ ಕಡೆ ಇಡಿ, ಜಪಾನಿನದನ್ನು ಸ್ವಲ್ಪ ಮೇಲೆ.